ಪಿಕಪ್ ಹಿಂದುಗಡೆ ಎತ್ತರಿಸೋಕೆ ಲೀಫ್ ಸ್ಪ್ರಿಂಗ್ ಆರಿಸೋದು ಹೇಗೆ: ಮೊದ್ಲು ತೂಕ, ಆಮೇಲೆ ಇಂಚು

ಇಸುಜು ವಿ-ಕ್ರಾಸ್ ಇರ್ಲಿ ಟೊಯೋಟಾ ಹೈಲಕ್ಸ್ ಇರ್ಲಿ, ಹಿಂದುಗಡೆ ಇಡೀ ಭಾರ ಹೊರೋದು ಕಮಾನ್ ಪಟ್ಟಿನೇ, ಅಂದ್ರೆ ಲೀಫ್ ಸ್ಪ್ರಿಂಗೇ. ಸಕಲೇಶಪುರ, ಮೂಡಿಗೆರೆ ಕಡೆ ಎಸ್ಟೇಟ್ ರೋಡಲ್ಲಿ ಓಡಿಸೋರೂ, ಕ್ಯಾನೋಪಿ (ಹಿಂದಿನ ತೊಟ್ಟಿ ಮುಚ್ಚೋ ಗೂಡು) ಹಾಕ್ಸಿ ಊರೂರು ಸುತ್ತೋರೂ ಕೇಳೋದು ಒಂದೇ, "ಎರಡು ಇಂಚು ಎತ್ತರಿಸ್ಬೇಕು, ಯಾವ ಸೆಟ್ ತಗೊಳ್ಲಿ?" ಅಂತ. ಆದ್ರೆ ಅಂಗಡಿಗೆ ಹೋಗೋ ಮುಂಚೆ ಗೊತ್ತಿರ್ಬೇಕಾದ ವಿಷ್ಯ ಬೇರೆ ಇದೆ: ನಿಮ್ಮ ಗಾಡಿ ಹಿಂದೆ ಯಾವಾಗ್ಲೂ ಎಷ್ಟು ಕೆಜಿ ಇರುತ್ತೆ?

ಯಾಕಂದ್ರೆ ಓಲ್ಡ್ ಮ್ಯಾನ್ ಎಮು, ಐರನ್‌ಮ್ಯಾನ್ ತರದ ಆಸ್ಟ್ರೇಲಿಯಾ ಕಂಪನಿಗಳು ಒಂದೇ ಗಾಡಿಗೆ ಬೇರೆ ಬೇರೆ ತೂಕಕ್ಕೆ ಬೇರೆ ಬೇರೆ ಸ್ಪ್ರಿಂಗ್ ಮಾಡ್ತಾರೆ, ಖಾಲಿ ಓಡಿಸೋರಿಗೆ ಒಂದು, ಕಾಯಂ ಮುನ್ನೂರು ಕೆಜಿ ಇಟ್ಕೊಂಡಿರೋರಿಗೆ ಒಂದು, ಇನ್ನೂ ಜಾಸ್ತಿ ಹೊರೋರಿಗೆ ಇನ್ನೊಂದು. ಬಾಕ್ಸ್ ಮೇಲೆ ಬರೆದಿರೋ ಎರಡು ಇಂಚು ಆ ತೂಕ ಇದ್ದಾಗ ಮಾತ್ರ ಸಿಗೋದು. ಭಾರದ ಸ್ಪ್ರಿಂಗ್‌ನ ಖಾಲಿ ಗಾಡಿಗೆ ಹಾಕಿದ್ರೆ ಹಿಂಭಾಗ ಜಾಸ್ತಿನೇ ಮೇಲೆದ್ದು ಪ್ರತಿ ಗುಂಡಿಗೂ ಕುಪ್ಪಳಿಸುತ್ತೆ, ಮಳೆಗಾಲದಲ್ಲಿ ತಿರುವಲ್ಲಿ ಹಿಂದಿನ ಚಕ್ರ ಜಾರುತ್ತೆ, ಇದು ನಿಜವಾಗ್ಲೂ ಅಪಾಯ. ಖಾಲಿ ಗಾಡಿದನ್ನ ಕ್ಯಾನೋಪಿ ಇರೋ ಗಾಡಿಗೆ ಹಾಕಿದ್ರೆ ಕೊಟ್ಟ ದುಡ್ಡಿಗೆ ಎತ್ತರನೂ ಸಿಗಲ್ಲ, ಸ್ವಲ್ಪ ದಿನದಲ್ಲೇ ಕೂತ್ಬಿಡುತ್ತೆ.

ಹಾಗಾಗಿ ಮೊದ್ಲು ವೇಬ್ರಿಡ್ಜ್‌ಗೆ ಹೋಗಿ. ಡೀಸೆಲ್ ಫುಲ್ ಮಾಡ್ಸಿ, ಟೂಲ್ಸು ಕ್ಯಾನೋಪಿ ಏನೇನು ದಿನಾ ಇರುತ್ತೋ ಎಲ್ಲಾ ಇಟ್ಕೊಂಡು, ಒಂದ್ಸಲ ಪೂರ್ತಿ ಗಾಡಿ, ಇನ್ನೊಂದ್ಸಲ ಮುಂದಿನ ಚಕ್ರ ಕಟ್ಟೆಯಿಂದ ಆಚೆ ಇಳಿಸಿ ಹಿಂದಿನ ಆಕ್ಸಲ್ ಮಾತ್ರ ತೂಕ ಹಾಕ್ಸಿ. ಆ ಎರಡನೇ ನಂಬರೇ ನಿಮಗೆ ಬೇಕಾಗಿರೋದು. ಆಮೇಲೆ ಬಿಚ್ಚಿಡೋಕೆ ಆಗೋದೆಲ್ಲ ಬಿಚ್ಚಿಟ್ಟು ಹಿಂದಿನ ಆಕ್ಸಲ್ ಮತ್ತೆ ತೂಗ್ಸಿ, ವ್ಯತ್ಯಾಸನೇ ನಿಮ್ಮ ಕಾಯಂ ಭಾರ. ಒಂದು ಮಾತು, ಆಕ್ಸಲ್‌ಗಿಂತ ಹಿಂದೆ ನೇತಾಡೋ ಬಂಪರ್, ಟೋ ಬಾರ್ ಇವೆಲ್ಲ ತಮ್ಮ ತೂಕಕ್ಕಿಂತ ಜಾಸ್ತಿನೇ ಹಿಂದಿನ ಆಕ್ಸಲ್ ಮೇಲೆ ಒತ್ತುತ್ತವೆ, ಅದಕ್ಕೇ ಕ್ಯಾಟಲಾಗ್ ನೋಡಿ ಕೂಡೋದಕ್ಕಿಂತ ತೂಗೋದೇ ಸರಿ. ವಾರಕ್ಕೊಂದು ದಿನ ಗೊಬ್ಬರದ ಮೂಟೆ ಹಾಕಿ ಮಿಕ್ಕ ದಿನ ಖಾಲಿ ಓಡಿಸೋರು ಮೂಟೆ ತೂಕಕ್ಕೆ ಸ್ಪ್ರಿಂಗ್ ಆರಿಸ್ಬೇಡಿ. ಕೆಳಗಡೆ ಒಂದು ದಪ್ಪ ಪ್ಲೇಟು ಸ್ವಲ್ಪ ಗ್ಯಾಪ್ ಬಿಟ್ಟು ಇರುತ್ತಲ್ಲ, ಭಾರ ಬಿದ್ದಾಗ ಮಾತ್ರ ತಾಗೋದು, ಆ ತರದ ಸೆಟ್ ನಿಮಗೆ ಒಳ್ಳೇದು.

ಈಗಿನ ಎತ್ತರನೂ ಅಳೀರಿ. ಸಮತಟ್ಟು ಜಾಗದಲ್ಲಿ ನಿಲ್ಸಿ ಹಬ್ ಮಧ್ಯದಿಂದ ಮಡ್‌ಗಾರ್ಡ್ ಅಂಚಿಗೆ ಟೇಪ್ ಹಿಡೀರಿ, ನೆಲದಿಂದ ಅಲ್ಲ, ನೆಲದಿಂದ ಅಳೆದ್ರೆ ಟೈರಿನ ಗಾಳಿ ಲೆಕ್ಕ ತಪ್ಪಿಸುತ್ತೆ. ಅದೇ ಮಾಡೆಲ್ ಹೊಸ ಗಾಡಿ ಸಿಕ್ರೆ ಅದರದ್ದೂ ಅಳೆದು ನೋಡಿ, ಹಳೇ ಪಟ್ಟಿ ಕೂತು ಹೋಗಿದ್ರೆ ಎಷ್ಟೋ ಜನಕ್ಕೆ ಬೇಕಾಗಿರೋದು ಲಿಫ್ಟ್ ಅಲ್ಲ, ಕಂಪನಿ ಎತ್ತರ ವಾಪಸ್ ಬರೋದು ಅಷ್ಟೇ. ಇನ್ನೊಂದು, ಸ್ಪ್ರಿಂಗ್ ಬದಲಾಯಿಸಿದ್ರೆ ಚಾಸಿ ಮೇಲೇಳುತ್ತೆ, ಬಂಪರ್ ಮೇಲೇಳುತ್ತೆ, ಆದ್ರೆ ಹಿಂದಿನ ಆಕ್ಸಲ್ ಮಧ್ಯದ ಡಿಫರೆನ್ಶಿಯಲ್ ಗುಂಡು ಇದ್ದಲ್ಲೇ ಇರುತ್ತೆ. ಕಲ್ಲು ಬಡೀತಿರೋದು ಅಲ್ಲಾದ್ರೆ ಟೈರ್ ದೊಡ್ಡದು ಮಾಡ್ಬೇಕು, ಅದ್ರಲ್ಲೂ ವ್ಯಾಸ ಎರಡು ಇಂಚು ಜಾಸ್ತಿ ಮಾಡಿದ್ರೆ ಸಿಗೋದು ಒಂದೇ ಇಂಚು.

ಗ್ಯಾರೇಜಲ್ಲಿ "ಒಂದು ಪ್ಲೇಟ್ ಎಕ್ಸ್ಟ್ರಾ ಹಾಕ್ಸಿ ಸಾರ್, ಸಾಕು" ಅಂತಾರೆ. ಒಂದೇ ದಪ್ಪದ, ಒಂದೇ ಉದ್ದದ ಐದು ಪ್ಲೇಟಿಗೆ ಅಂಥದ್ದೇ ಇನ್ನೊಂದು ಸೇರಿದ್ರೆ ಗಡಸುತನ ಸುಮಾರು 20% ಏರುತ್ತೆ, ಆದ್ರೆ ದಪ್ಪದ ವಿಷ್ಯ ಹಾಗಲ್ಲ, ಅದು ದಪ್ಪದ ಘನದ ಲೆಕ್ಕದಲ್ಲಿ ಏರೋದು, 7 ಎಂಎಂ ಪ್ಲೇಟಿನ ಜಾಗಕ್ಕೆ 8 ಎಂಎಂ ಬಂದ್ರೆ ಆ ಪ್ಲೇಟ್ ಹೆಚ್ಚುಕಮ್ಮಿ ಒಂದೂವರೆ ಪಟ್ಟು ಗಡಸಾಗುತ್ತೆ. ನೋಡೋಕೆ ಒಂದು ಎಂಎಂ, ಕೂತ್ರೆ ಸೊಂಟಕ್ಕೆ ಗೊತ್ತಾಗುತ್ತೆ. ಹಳೇ ಪಟ್ಟಿನ ಬಡಿದು ಬಾಗು ಕೊಡ್ಸೋದು ಅಗ್ಗ, ಆದ್ರೆ ಸರಿಯಾಗಿ ಹೀಟ್ ಟ್ರೀಟ್‌ಮೆಂಟ್ ಮಾಡ್ದೆ ಇದ್ರೆ ಬೇಗ ಕೂತ್ಕೊಳ್ಳುತ್ತೆ. ಉದ್ದ ಶ್ಯಾಕಲ್ (ಪಟ್ಟಿಯ ಒಂದು ತುದಿನ ಚಾಸಿಗೆ ಸೇರಿಸೋ ಓಲಾಡೋ ಕೊಂಡಿ) ಹಾಕಿದ್ರೆ ಉದ್ದ ಮಾಡಿದ್ದರ ಅರ್ಧ ಮಾತ್ರ ಎತ್ತರ ಸಿಗುತ್ತೆ, ಮೇಲಿಂದ ಆಕ್ಸಲ್ ಕೋನನೂ ತಿರುಗುತ್ತೆ. ಆಕ್ಸಲ್‌ಗೂ ಪಟ್ಟಿಗೂ ಮಧ್ಯೆ ಲೋಹದ ಬ್ಲಾಕ್ ಇಟ್ರೆ ಜೋರಾಗಿ ಎಳೆಯುವಾಗ ಪಟ್ಟಿ ತಿರುಚಿಕೊಳ್ಳೋದು ಜಾಸ್ತಿ, ಬ್ಲಾಕ್ ಮೇಲೆ ಬ್ಲಾಕ್ ಅಂತೂ ಯಾವತ್ತೂ ಬೇಡ. ಕಾಯಂ ಭಾರ ಇದ್ದೋರಿಗೆ ಪೂರ್ತಿ ಹೊಸ ಸೆಟ್ಟೇ ನನ್ನ ಆಯ್ಕೆ.

ಲೋಕಲ್ ಸೆಟ್ ಆದ್ರೆ ಯಾವ ಸ್ಟೀಲ್ ಅಂತ ಕೇಳಿ, ಎಸ್‌ಯುಪಿ-9, ಇಎನ್-45 ಇವೆಲ್ಲ ಸ್ಪ್ರಿಂಗಿಗೇ ಬಳಸೋ ಉಕ್ಕು. ಆರ್ಡರ್ ಮಾಡೋ ಮುಂಚೆ ಪಟ್ಟಿ ಅಗಲ, ಒಂದು ಕಣ್ಣಿಂದ (ಪಟ್ಟಿ ತುದಿಯ ಸುರುಳಿ ತೂತು) ಇನ್ನೊಂದು ಕಣ್ಣಿಗೆ ಉದ್ದ, ಮುಂದಿನ ಕಣ್ಣಿಂದ ಪ್ಲೇಟುಗಳನ್ನ ಸೇರಿಸಿ ಹಿಡಿಯೋ ಸೆಂಟರ್ ಬೋಲ್ಟ್‌ಗೆ ದೂರ, ಕಣ್ಣೊಳಗೆ ಕೂರೋ ಬುಷ್‌ನ ಒಳಗಿನ ಅಳತೆ, ಇಷ್ಟೂ ಬರ್ಕೊಳ್ಳಿ. ಸೆಂಟರ್ ಬೋಲ್ಟ್ ದೂರ ತಪ್ಪಿದ್ರೆ ಆಕ್ಸಲ್ಲೇ ಹಿಂದೆ ಮುಂದೆ ಹೋಗಿ ಕೂರುತ್ತೆ.

ಈಗ ತುಂಬಾ ಜನ ಬಿಟ್ಟುಬಿಡೋ ವಿಷ್ಯ, ಬ್ರೇಕು. ಎಷ್ಟೋ ಪಿಕಪ್‌ಗಳಲ್ಲಿ ಚಾಸಿಗೂ ಹಿಂದಿನ ಆಕ್ಸಲ್‌ಗೂ ಮಧ್ಯೆ ಲೋಡ್ ಸೆನ್ಸಿಂಗ್ ವಾಲ್ವ್ ಇರುತ್ತೆ, ಎರಡರ ನಡುವಿನ ದೂರ ನೋಡಿ ಭಾರ ಎಷ್ಟಿದೆ ಅಂತ ಅದು ತಿಳ್ಕೊಳ್ಳೋದು. ನೀವು ಎತ್ತರಿಸಿದ್ರೆ ಗಾಡಿ ಖಾಲಿ ಇದೆ ಅಂದ್ಕೊಂಡು ಹಿಂದಿನ ಬ್ರೇಕಿಗೆ ಪ್ರೆಶರ್ ಕಮ್ಮಿ ಮಾಡುತ್ತೆ, ಲೋಡ್ ಹಾಕಿ ಶಿರಾಡಿ ಘಾಟ್ ಇಳಿಯುವಾಗ ಅದು ಏನಾಗ್ಬಹುದು ಯೋಚ್ನೆ ಮಾಡಿ. ನಿಮ್ಮ ಗಾಡೀಲಿ ಈ ವಾಲ್ವ್ ಇದ್ರೆ ಅದರ ಬ್ರ್ಯಾಕೆಟ್ ಅಥವಾ ಲಿಂಕ್ ಸರಿಹೊಂದಿಸದೆ ಗ್ಯಾರೇಜ್ ಬಿಟ್ಟು ಹೊರಡಬೇಡಿ. ಜೊತೆಗೆ ಚಕ್ರ ಪೂರ್ತಿ ಕೆಳಗೆ ನೇತಾಡ್ದಾಗ ಬ್ರೇಕ್ ಹೋಸ್, ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿಯಾಗ್ತಿದ್ಯಾ ನೋಡಿ, ಶಾಕ್ ಅಬ್ಸಾರ್ಬರ್ ಹೊಸ ಎತ್ತರಕ್ಕೆ ತಕ್ಕ ಉದ್ದದ್ದೇ ಹಾಕ್ಸಿ. ಗಾಡಿ ನಿಂತಲ್ಲಿಂದ ಹೊರಡುವಾಗ ಕೆಳಗಿಂದ ನಡುಕ ಬಂದ್ರೆ, ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯೋ ಪ್ರೊಪೆಲ್ಲರ್ ಶಾಫ್ಟ್ ಕೋನ ತಪ್ಪಿದೆ ಅಂತ ಅನುಮಾನ ಪಡಿ.

ಕಾನೂನು ಕಡೆನೂ ಗಮನ ಇರ್ಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಖರ್ಚು ಮಾಡೋ ಮುಂಚೆ ಆರ್‌ಟಿಓಲೂ ಇನ್ಶೂರೆನ್ಸ್‌ನವರ ಹತ್ರನೂ ವಿಚಾರಿಸಿ.

ಹಾಕ್ಸುವಾಗ ಪಟ್ಟಿನ ಆಕ್ಸಲ್‌ಗೆ ಬಿಗಿಯೋ ಯು ಬೋಲ್ಟ್ ಹೊಸದೇ ಇರ್ಲಿ, ಒಂದ್ಸಲ ಬಿಗಿದಿದ್ದು ಎಳೆದು ಉದ್ದ ಆಗಿರುತ್ತೆ. ರಬ್ಬರ್ ಬುಷ್ ಇದ್ರೆ ಶ್ಯಾಕಲ್ ಬೋಲ್ಟ್‌ಗಳನ್ನ ಗಾಡಿ ಜ್ಯಾಕ್ ಮೇಲಿದ್ದಾಗ ಪೂರ್ತಿ ಬಿಗೀಬಾರ್ದು, ಚಕ್ರದ ಮೇಲೆ ಭಾರ ಬಿದ್ಮೇಲೆ ಬಿಗೀಬೇಕು, ಇಲ್ಲಾಂದ್ರೆ ಬುಷ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ಹೆಡ್‌ಲೈಟ್ ಮತ್ತೆ ಸೆಟ್ ಮಾಡ್ಸಿ. ಒಂದೈನೂರು ಕಿಲೋಮೀಟರ್ ಓಡಿದ್ಮೇಲೆ ಯು ಬೋಲ್ಟ್‌ಗಳನ್ನ ಟಾರ್ಕ್ ರೆಂಚ್ ಹಾಕಿ ಮತ್ತೊಂದ್ಸಲ ಬಿಗಿಸ್ಕೊಳ್ಳಿ.