ಯೆಜ್ಡಿ ಸೆಕೆಂಡ್ ಗೇರಲ್ಲಿ ಒದೀತಿತ್ತು, ನಾನು ಸುಮ್ನೆ ಕಾರ್ಬೋರೇಟರ್‌ನ ಬೈಕೊಂಡು ಕೂತಿದ್ದೆ

ನಮ್ ಚಿಕ್ಕಪ್ಪಂದು 1984ರ ಯೆಜ್ಡಿ 250 ಕ್ಲಾಸಿಕ್, ಟೂ ಸ್ಟ್ರೋಕ್ ಬೈಕು. ಇದನ್ನ ಮಾಡ್ತಿದ್ದ ಮೈಸೂರಿನ ಯಾದವಗಿರಿ ಫ್ಯಾಕ್ಟ್ರಿ 1996ರಲ್ಲೇ ಬಾಗ್ಲು ಹಾಕ್ತು, ಈ ಗಾಡಿ ಮಾತ್ರ ಮಂಡ್ಯದ ನಮ್ಮನೆ ಕೊಟ್ಟಿಗೆಲಿ ಗೋಣಿಚೀಲ ಹೊದ್ಕೊಂಡು ನಿಂತಿತ್ತು, ಚಿಕ್ಕಪ್ಪ ಮಂಡಿನೋವು ಅಂತ ಕಿಕ್ಕರ್ ಹೊಡಿಯೋದು ಬಿಟ್ಮೇಲೆ ನನ್ ಪಾಲಿಗೆ ಬಂತು. ಹೈವೇಲಿ ಫೋರ್ತ್ ಗೇರಲ್ಲಿ ಏನೂ ತಕರಾರಿಲ್ಲ. ಆದ್ರೆ ಶ್ರೀರಂಗಪಟ್ಟಣದ ಹತ್ರ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಾಕೊಂಡು ಸೆಕೆಂಡಲ್ಲಿ 15-20 ಸ್ಪೀಡಲ್ಲಿ ಹೋಗ್ಬೇಕು ಅಂದ್ರೆ ಶುರು, ಎಕ್ಸಲೇಟರ್ ಬಿಟ್ರೆ ಯಾರೋ ಹಿಂದಿಂದ ಹಗ್ಗ ಕಟ್ಟಿ ಎಳ್ದಂಗೆ, ಕೊಟ್ರೆ ಧಡಕ್ ಅಂತ ಮುಂದಕ್ಕೆ. ಹಿಂದೆ ಕೂತ ನಮ್ಮನೆಯವಳ ಹೆಲ್ಮೆಟ್ಟು ನನ್ ಹೆಲ್ಮೆಟ್‌ಗೆ ಟಕ್ ಟಕ್ ಅಂತ ಕುಟ್ಟೋದು. "ಇನ್ಮೇಲೆ ನಾನು ಬಸ್ಸಲ್ಲೇ ಬರ್ತೀನಿ ಕಣ್ರೀ" ಅಂದ್ಬಿಟ್ಳು.

ಕೇಳಿದೋರೆಲ್ಲ ಕಾರ್ಬೋರೇಟರ್ (ಪೆಟ್ರೋಲು-ಗಾಳಿ ಬೆರೆಸೋ ಭಾಗ) ಅಂದ್ರು. ಎರಡು ಸಲ ಬಿಚ್ಚಿ ಅದರೊಳಗೆ ಐಡ್ಲಿಂಗಿಗೆ ಪೆಟ್ರೋಲು ಬಿಡೋ ಸಣ್ಣ ತೂತು, ಪೈಲಟ್ ಜೆಟ್, ಊದಿಸ್ದೆ, ಪ್ಲಗ್ ಹೊಸದು, ಪ್ಲಗ್ಗಿಗೆ ಕಿಡಿ ಕೊಡಿಸೋ ಪಾಯಿಂಟಿನ ಗ್ಯಾಪ್ 0.4 ಮಿಮೀಗೆ ಇಟ್ಟೆ, ಕೊನೆಗೆ ಒಂದ್ ಗ್ಯಾರೇಜಲ್ಲಿ ಕಾರ್ಬೋರೇಟರೇ ಬದಲಾಯಿಸಿ ದುಡ್ಡು ಇಸ್ಕೊಂಡ್ರು. ಐಡ್ಲಿಂಗ್ ಚೆನ್ನಾಯ್ತು, ಒದೆಯೋದು ಹಂಗೇ ಇತ್ತು.

ಆಮೇಲೆ ಹಳೇ ಗಾಡಿಗಳನ್ನೇ ಮಾಡೋ ವಯಸ್ಸಾದ ಮೇಸ್ತ್ರಿ ಒಬ್ರ ಹತ್ರ ತಗೊಂಡೋದೆ. ಅವ್ರು ಎಂಜಿನ್ ಸ್ಟಾರ್ಟೇ ಮಾಡ್ಲಿಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ, ಸೆಕೆಂಡ್ ಗೇರ್ ಹಾಕಿ, ಹಿಂದಿನ ಚಕ್ರನ ಕೈಯಲ್ಲಿ ಹಿಡ್ಕೊಂಡು ಹಿಂದಕ್ಕೆ ಮುಂದಕ್ಕೆ ಆಡಿಸಿದ್ರು. ಎಂಜಿನ್ ಹಿಡ್ಕೊಳೋ ಮುಂಚೆ ಟೈರು ನಾಲ್ಕು ಬೆರಳು ಅಗಲ ಸುಮ್ನೆ ತಿರುಗ್ತು. "ಎಂಜಿನ್ ಒದೀತಾ ಇಲ್ಲ ಕಣಪ್ಪ, ಚೈನು ಒದೀತಾ ಐತೆ" ಅಂದ್ರು. ಗೇರ್‌ಬಾಕ್ಸ್ ಒಳಗೆ ಸ್ವಲ್ಪ ಆಟ ಇದ್ದೇ ಇರುತ್ತಂತೆ, ಒಂದ್ ಬೆರಳಷ್ಟು ಲೆಕ್ಕಕ್ಕಿಲ್ಲ, ನಾಲ್ಕು ಅಂದ್ರೆ ಜಾಸ್ತಿ ಆಯ್ತು.

ಈ ಗಾಡೀಲಿ ಚೈನು ಪೂರ್ತಿ ಕೇಸ್ ಒಳಗೆ ಮುಚ್ಚಿರುತ್ತೆ, ಧೂಳು ಹೋಗಲ್ಲ, ಬಾಳಿಕೆನೂ ಬರುತ್ತೆ, ಆದ್ರೆ ಕಣ್ಣಿಗೆ ಕಾಣ್ಸಲ್ಲ ಅಂತ ನಾನು ಅದನ್ನ ಮರ್ತೇ ಬಿಟ್ಟಿದ್ದೆ, ತಪ್ಪು ನಂದೇ. ಬಿಚ್ಚಿ ನೋಡಿದ್ರೆ ಚೈನು ಜೋತು ಬಿದ್ದಿದೆ, ಹಿಂದಿನ ಸ್ಪ್ರಾಕೆಟ್ (ಚೈನ್ ಕೂರೋ ಹಲ್ಲಿನ ಚಕ್ರ) ಮೇಲೆ ಕೊಂಡಿ ಹಿಡಿದು ಎಳೆದ್ರೆ ಅರ್ಧ ಹಲ್ಲು ಕಾಣ್ಸುತ್ತೆ. ಹಿಂದಿನ ಚಕ್ರದ ನಡುವಿನ ಹಬ್ ಒಳಗಿರೋ ಕಪ್ಲಿಂಗ್ ರಬ್ಬರ್ ಅಂತೂ ಒಣಗಿದ ಹುಣಸೆ ತೊಕ್ಕಿನ ಥರ ಆಗಿತ್ತು. ಆ ರಬ್ಬರ್ ಇರೋದೇ ಎಂಜಿನ್ನಿನ ಏಟು ಚಕ್ರಕ್ಕೆ ನೇರ ತಾಗ್ದೇ ಇರ್ಲಿ ಅಂತ.

ಆದ್ರೆ ಏಟು ಎಲ್ಲಿಂದ ಬರುತ್ತೆ ಅನ್ನೋದು ನನಗೆ ಆಮೇಲೆ ಅರ್ಥ ಆಯ್ತು. ಟೂ ಸ್ಟ್ರೋಕಲ್ಲಿ ಎಕ್ಸಲೇಟರ್ ಮುಚ್ಚಿದಾಗ ಒಳಗೆ ಬರೋ ಪೆಟ್ರೋಲು-ಗಾಳಿ ಬಹಳ ಕಮ್ಮಿ, ಹಳೇ ಹೊಗೆ ಪೂರ್ತಿ ಆಚೆ ಹೋಗಲ್ಲ, ಹಂಗಾಗಿ ಪ್ಲಗ್ ಕಿಡಿ ಕೊಟ್ರೂ ಒಂದೆರಡು ಸುತ್ತು ಹೊತ್ಕೊಳಲ್ಲ, ಅಷ್ಟರಲ್ಲಿ ಹೊಸಾ ಮಿಕ್ಸ್ ಸೇರ್ಕೊಂಡು ಒಂದ್ಸಲ ಹೊತ್ಕೊಂಡು ತಳ್ಳುತ್ತೆ. ಅದೇ ಡಬ್... ಡಡಬ್ ಅನ್ನೋ ಸೌಂಡು. ಚೈನ್ ಲೂಸಿದ್ರೆ ಪ್ರತಿ ಸಲನೂ ಸಡಿಲ ಆಗಿ ಆಮೇಲೆ ಬಿಗಿ ಆಗುತ್ತೆ. ಕೆಳಗಿನ ಗೇರಲ್ಲಿ ಇದು ಜಾಸ್ತಿ, ಯಾಕಂದ್ರೆ ಚಕ್ರ ಒಂದ್ ಸುತ್ತು ಬರೋಕೆ ಫಸ್ಟಲ್ಲಿ ಎಂಜಿನ್ನು ಫೋರ್ತಿಗಿಂತ ಹೆಚ್ಚು ಕಡಿಮೆ ಮೂರು ಪಟ್ಟು ತಿರುಗುತ್ತೆ, ಅದರ ಎಳೆತನೂ ಅಷ್ಟೇ ದೊಡ್ಡದಾಗಿ ಚಕ್ರಕ್ಕೆ ಬರುತ್ತೆ.

ಚೈನು, ಎರಡೂ ಸ್ಪ್ರಾಕೆಟ್ಟು, ರಬ್ಬರ್ ಒಟ್ಟಿಗೆ ಹಾಕ್ಸಿದೆ. ಬರೀ ಚೈನ್ ಹಾಕಿದ್ರೆ ಹಳೇ ಹಲ್ಲು ಹೊಸಾ ಚೈನ್ನೂ ತಿಂದಾಕುತ್ತೆ. ಟೈಟ್ ಮಾಡುವಾಗ ಚಕ್ರ ತಿರುಗಿಸ್ತಾ ಎಲ್ಲಿ ಬಿಗಿ ಇದೆ ನೋಡಿ, ಆ ಜಾಗದಲ್ಲೇ ಎರಡು ಸೆಂಟಿಮೀಟರ್ ಆಟ ಬಿಟ್ಟು, ಮನೆಯವಳನ್ನ ಕೂರಿಸಿ ಇನ್ನೊಂದ್ಸಲ ನೋಡ್ದೆ. ಕೂತಾಗ ಚೈನ್ ಬಿಗಿ ಆಗುತ್ತೆ, ಅದಕ್ಕೆ. ಎಕ್ಸಲೇಟರ್ ಕೇಬಲ್ಲಿಗೂ ಒಂಚೂರು ಸಡಿಲ ಕೊಟ್ಟೆ. ಮುಕ್ಕಾಲು ಭಾಗ ಒದೆತ ಹೋಯ್ತು.

ಇನ್ನು ಕೈಕಾಲಿನ ಅಭ್ಯಾಸ. ಈ ಗಾಡೀಲಿ ಗೇರ್ ಲಿವರ್ ಒತ್ತಿದ್ರೇ ಕ್ಲಚ್ ಬಿಡುತ್ತೆ, ಹಂಗಾಗಿ ಗೇರ್ ಇಳಿಸುವಾಗ ಕಾಲು ಪಟ್ ಅಂತ ಎತ್ತಬಾರ್ದು, ಎಂಜಿನ್‌ಗೆ ಒಂಚೂರು ರೇಸ್ ಕೊಟ್ಟು ಮೆಲ್ಲಗೆ ಬಿಡ್ಬೇಕು. ಹಂಗಂತ ಓಡಿಸುವಾಗ ಕಾಲು ಲಿವರ್ ಮೇಲೇ ಇಟ್ರೆ ಕ್ಲಚ್ ಪ್ಲೇಟ್ ಸವೆಯುತ್ತೆ, ನಮ್ ಚಿಕ್ಕಪ್ಪಂಗೆ ಆ ಚಟ ಇತ್ತು.

ಚಾಮುಂಡಿ ಬೆಟ್ಟ ಇಳಿಯುವಾಗ ಇಗ್ನಿಷನ್ ಆಫ್ ಮಾಡಿ ನ್ಯೂಟ್ರಲಲ್ಲಿ ಬಿಡೋ ಪುಣ್ಯಾತ್ಮರನ್ನ ನೋಡಿದೀನಿ, ಇವೆಲ್ಲ ಡ್ರಮ್ ಬ್ರೇಕು ಸ್ವಾಮಿ, ಕಾದ್ರೆ ಹಿಡಿಯಲ್ಲ. ನಾನು ಥರ್ಡು, ಕಡಿದಾದ ಕಡೆ ಸೆಕೆಂಡು. ಫೋರ್ ಸ್ಟ್ರೋಕ್ ಗಾಡಿಯಷ್ಟು ಇದು ಹಿಡಿದು ನಿಲ್ಲಿಸಲ್ಲ, ಬ್ರೇಕ್ ಜೊತೆಗೆ ಬೇಕೇ ಬೇಕು. ಇನ್ನೊಂದು ವಿಷ್ಯ, ಲೀಟರಿಗೆ 40 ಎಂಎಲ್ ಆಯಿಲ್ ಹಾಕ್ತೀನಿ, ಅದು ಪೆಟ್ರೋಲ್ ಜೊತೆನೇ ಒಳಗೆ ಹೋಗೋದು, ಎಕ್ಸಲೇಟರ್ ಪೂರ್ತಿ ಮುಚ್ಕೊಂಡು ಉದ್ದಕ್ಕೂ ಇಳಿದ್ರೆ ಎಂಜಿನ್ ಜೋರಾಗಿ ತಿರುಗ್ತಿರುತ್ತೆ, ಆಯಿಲ್ ಮಾತ್ರ ಸಾಲಲ್ಲ. ಅದಕ್ಕೆ ಬೆಟ್ಟದ ಬುಡದ ತಾವರೆಕಟ್ಟೆ ಬರೋವರೆಗೂ ಆಗಾಗ ಕ್ಲಚ್ ಹಿಡಿದು ಒಂದ್ ರೇಸ್ ಕೊಡ್ತಾ ಇಳೀತೀನಿ.

ಈಗ್ಲೂ ಸೆಕೆಂಡಲ್ಲಿ 12-13ಕ್ಕಿಂತ ಕೆಳಗೆ ಹೋದ್ರೆ ಸ್ವಲ್ಪ ಗುದ್ದುತ್ತೆ, ಫಸ್ಟಿಗೆ ಹಾಕ್ಕೋತೀನಿ. ಎಂಜಿನ್ ಬಿಸಿ ಆದಾಗ ಐಡ್ಲಿಂಗ್ ತಾನಾಗೇ ಏರ್ತಿದೆ, ಕ್ರ್ಯಾಂಕ್ ಸೀಲಲ್ಲಿ (ಎಂಜಿನ್ ಒಳಗಿನ ಕ್ರ್ಯಾಂಕ್ ತುದಿಯಲ್ಲಿ ಗಾಳಿ ತಡೆಯೋ ರಬ್ಬರ್ ಬಳೆ) ಗಾಳಿ ಎಳೀತಿದ್ಯೇನೋ ಅಂತ ಮೇಸ್ತ್ರಿಗೆ ಅನುಮಾನ. ಕಬ್ಬಿನ ದುಡ್ಡು ಬಂದ್ಮೇಲೆ ಎಂಜಿನ್ ಬಿಚ್ಚಿಸ್ಬೇಕು.