ಹೊಸ ಬಂಡೆಯನ್ನು ಮೊದಲು ಹಿಂದಿನಿಂದ ನೋಡಿ

ಹೆಚ್ಚು ಜನಕ್ಕೆ ಗೊತ್ತಿಲ್ಲದ ಬೌಲ್ಡರಿಂಗ್ (ಹಗ್ಗವಿಲ್ಲದೆ ಗಿಡ್ಡ ಬಂಡೆ ಹತ್ತುವ ಆಟ) ಜಾಗಕ್ಕೆ ಹೊರಟಿದ್ದೀರಾ? ಹಾಗಾದರೆ ಮೊದಲ ಒಂದೆರಡು ಗಂಟೆ ಕ್ಲೈಂಬಿಂಗ್ ಶೂ ಚೀಲದಲ್ಲೇ ಇರಲಿ. ಹೆಸರಾದ ಜಾಗಗಳಲ್ಲಿ ನಿಮಗಿಂತ ಮುಂಚೆ ಹತ್ತಿದವರು ಸಡಿಲ ಕಲ್ಲು ಕಿತ್ತು, ಇಳಿಯುವ ದಾರಿ ಹುಡುಕಿಟ್ಟಿರುತ್ತಾರೆ. ಇಲ್ಲಿ ಆ ಕೆಲಸವೆಲ್ಲ ನಿಮ್ಮದೇ.

ಮನೆಯಲ್ಲೇ ಕೂತು ಉಪಗ್ರಹ ನಕ್ಷೆ ನೋಡಿ. ಬಂಡೆಗಿಂತ ಅದರ ನೆರಳು ಜಾಸ್ತಿ ಹೇಳುತ್ತದೆ. ಪಕ್ಕದ ದೊಡ್ಡ ಮರದಷ್ಟೇ ಉದ್ದ ನೆರಳು ಬಿದ್ದಿದ್ದರೆ ಹಗ್ಗವಿಲ್ಲದೆ ಹತ್ತುವ ಬಂಡೆ ಅದಲ್ಲ, ಬಿಟ್ಟುಬಿಡಿ. ಜಾಗ ಯಾರದು ಎಂದು ತಿಳಿದು, ಕೇಳಿಯೇ ಹೋಗಿ.

ಅಲ್ಲಿಗೆ ಹೋದ ಮೇಲೆ ಮುಂದಿನ ಚಂದದ ಮುಖ ನೋಡಿ ಮರುಳಾಗಬೇಡಿ. ಹಿಂದಕ್ಕೆ ಹೋಗಿ. ಸುಲಭದ ಬದಿಯಿಂದ ಮೇಲೆ ಹತ್ತಿ, ಅದೇ ದಾರಿಯಲ್ಲಿ ಇಳಿದು ನೋಡಿ. ಸುಲಭದ ಬದಿಯೇ ಇಲ್ಲವೇ? ಮುಂದಿನ ಬಂಡೆಗೆ ನಡೆಯಿರಿ. ಮೇಲೆ ಪಾಚಿ, ಉದುರು ಜಲ್ಲಿ ಇದೆಯೇ, ಕೊನೆಯ ಅಂಚಿನಲ್ಲಿ ಕೈಗೆ ಏನಾದರೂ ಸಿಗುತ್ತದೆಯೇ ಎಂದು ಗಮನಿಸಿ. ಬಿರುಕಿನೊಳಗೆ ಕೈ ಹಾಕುವ ಮೊದಲು ಇಣುಕಿ ನೋಡಿ. ಚಾಚಿದ ಬಂಡೆಯ ಅಡಿಯಲ್ಲಿ ಜೇನು ಕಟ್ಟಿದ್ದರೆ ಸುಮ್ನೆ ದೂರ ಹೋಗುವುದೇ ಜಾಣತನ.

ಇನ್ನು ಚಕ್ಕೆಗಳು. ಎದ್ದು ನಿಂತ ತೆಳು ಚಕ್ಕೆ ನೋಡಿದರೆ ಹಿಡಿಯೋಣ ಅನ್ನಿಸುತ್ತದೆ, ಅಲ್ವಾ? ಒಂದು ಅಂಗೈಯನ್ನು ಅದರ ಮೇಲೆ ಇಟ್ಟು, ಇನ್ನೊಂದು ಕೈಯ ಗೆಣ್ಣಿನಿಂದ ತಟ್ಟಿ. ಗಟ್ಟಿ ಕಲ್ಲು ಮೊಂಡಾಗಿ ಸದ್ದು ಮಾಡುತ್ತದೆ. ಸಡಿಲವಾಗಿದ್ದರೆ ಖಾಲಿ ಮಡಕೆ ಬಡಿದಂತೆ ಕೇಳಿ, ಅಂಗೈಯಡಿ ಸಣ್ಣ ನಡುಕ ಬರುತ್ತದೆ. ಆಮೇಲೆ ಚಕ್ಕೆ ಮತ್ತು ಬಂಡೆಯ ನಡುವಿನ ಸಂದಿಗೆ ಅಡ್ಡಲಾಗಿ ಬೆರಳಿಟ್ಟು ಮೆಲ್ಲಗೆ ಎಳೆಯಿರಿ. ಕೂದಲೆಳೆಯಷ್ಟು ಅಲುಗಿದರೂ ಬೆರಳಿಗೆ ಗೊತ್ತಾಗುತ್ತದೆ. ಸ್ವಲ್ಪ ಅನುಮಾನ ಬಂದರೂ ನಾನು ಅದನ್ನು ಹಿಡಿಯುವುದಿಲ್ಲ.

ಮರಳುಗಲ್ಲಾದರೆ ಮಳೆಯ ನಂತರ ಕಾಯಲೇಬೇಕು. ನೀರು ಒಳಗಿಳಿದರೆ ಕಣಗಳ ನಡುವಿನ ಬೆಸುಗೆ ದುರ್ಬಲವಾಗಿ, ಹಿಡಿಗಳು ಮುರಿದು ಕೈಗೆ ಬರುತ್ತವೆ. ಮೇಲ್ಮೈ ಒಣಗಿದಂತೆ ಕಂಡರೆ ಸಾಲದು. ಬುಡದ ಮಣ್ಣು ಕೆದಕಿ, ತೇವ ಇದ್ದರೆ ವಾಪಸ್ ಹೋಗಿ. ಗ್ರಾನೈಟ್ ಅಷ್ಟು ಸತಾಯಿಸುವುದಿಲ್ಲ, ಆದರೆ ಬೆರಳಿನ ಚರ್ಮ ತಿನ್ನುತ್ತದೆ.

ಕ್ರ್ಯಾಶ್ ಪ್ಯಾಡನ್ನು (ಬಿದ್ದಾಗ ಪೆಟ್ಟಾಗದಂತೆ ಕೆಳಗೆ ಹಾಸುವ ದಪ್ಪ ಹಾಸಿಗೆ) ನೀವು ನಿಂತ ಜಾಗದಲ್ಲಲ್ಲ, ಬೀಳುವ ಜಾಗದಲ್ಲಿ ಹಾಕಿ. ಓವರ್‌ಹ್ಯಾಂಗ್‌ನಲ್ಲಿ (ಹೊರಕ್ಕೆ ಚಾಚಿದ ಬಂಡೆಯಲ್ಲಿ) ಕಾಲು ಜಾರಿದರೆ ದೇಹ ತೂಗಿ ಹೊರಗೆ ಬೀಳುತ್ತದೆ. ಎರಡು ಪ್ಯಾಡ್ ನಡುವೆ ಸಂದಿ ಬಿಟ್ಟರೆ ಪಾದ ಅಲ್ಲೇ ಹೊರಳುತ್ತದೆ. ಕೆಳಗೆ ನಿಂತು ಕಾಯುವ ಸ್ಪಾಟರ್ ಕೆಲಸ ನಿಮ್ಮನ್ನು ಎತ್ತಿ ಹಿಡಿಯುವುದಲ್ಲ. ತಲೆ, ಬೆನ್ನು ಕಲ್ಲಿಗೆ ಬಡಿಯದಂತೆ ಪ್ಯಾಡಿನತ್ತ ತಿರುಗಿಸುವುದು. ಹೆಬ್ಬೆರಳನ್ನು ಉಳಿದ ಬೆರಳುಗಳಿಗೆ ಅಂಟಿಸಿಕೊಳ್ಳಲು ಹೇಳಿ, ಇಲ್ಲದಿದ್ದರೆ ಮುರಿಯುವುದು ಅವರ ಹೆಬ್ಬೆರಳು.

ಗ್ರೇಡ್ (ಹತ್ತುವುದು ಎಷ್ಟು ಕಷ್ಟ ಎಂಬ ಅಳತೆ) ವಿಚಾರಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅಮೆರಿಕದ ಹುಯೆಕೊ ಟ್ಯಾಂಕ್ಸ್‌ನಲ್ಲಿ ಜಾನ್ ಶರ್ಮನ್ ಶುರು ಮಾಡಿದ ವಿ ಸ್ಕೇಲ್ ಆಗಲಿ, ಫ್ರಾನ್ಸ್‌ನ ಫಾಂಟೆನ್‌ಬ್ಲೋ ಗ್ರೇಡ್ ಆಗಲಿ, ತುಂಬಾ ಜನ ಹತ್ತಿದ ಮೇಲೇ ಒಂದು ಹದಕ್ಕೆ ಬರುವುದು. ಯಾರೂ ಬಾರದ ಜಾಗದ ಗ್ರೇಡ್ ಒಬ್ಬರ ಊಹೆ ಮಾತ್ರ. ಮೊದಲ ದಿನ ನಿಮ್ಮ ಮಟ್ಟಕ್ಕಿಂತ ಕೆಳಗಿನವನ್ನೇ ಹತ್ತಿ.

ಹಿಡಿ ಉಜ್ಜಲು ನೈಲಾನ್ ಬ್ರಷ್ ಸಾಕು, ತಂತಿ ಬ್ರಷ್ ಬೇಡವೇ ಬೇಡ. ಉಳಿ ಹಚ್ಚಿ ಹಿಡಿ ಕೆತ್ತುವವರ ಜೊತೆ ನನಗೆ ಮಾತೇ ಇಲ್ಲ. ಹೊರಡುವಾಗ ಕೈಗೆ ಹಚ್ಚಿಕೊಂಡ ಚಾಕ್ ಪುಡಿಯ ಗುರುತು ಉಜ್ಜಿಬಿಡಿ. ಅನುಮತಿ ಕೊಟ್ಟವರನ್ನು ಕೇಳದೆ ಜಾಗದ ಗುರುತನ್ನು ಎಲ್ಲರಿಗೂ ಹಂಚಬೇಡಿ.