ಕಾಯಿಲೋವರ್ ಕೊಳ್ಳುವ ಮುನ್ನ ಚಕ್ರಕ್ಕೆ ಉಳಿಯುವ ಜಾಗ ಅಳೆಯಿರಿ

ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಜೋಡಣೆಯಲ್ಲಿದ್ದು, ಎತ್ತರವನ್ನೂ ಕೆಲವದರಲ್ಲಿ ಶಾಕಿನ ಬಿಗಿಯನ್ನೂ ಬೇಕಾದಂತೆ ಹೊಂದಿಸಿಕೊಳ್ಳಬಹುದಾದ ಸಸ್ಪೆನ್ಷನ್ ಸೆಟ್ಟೇ ಕಾಯಿಲೋವರ್. ಅಂಗಡಿಯಲ್ಲಿ ವಿಚಾರಿಸಿದರೆ ಮೊದಲು ಕಿವಿಗೆ ಬೀಳುವುದು ಎರಡು ಅಂಕಿಗಳು: ಕಾರು ಎಷ್ಟು ತಗ್ಗುತ್ತದೆ, ಶಾಕಿನ ಬಿಗಿ ಹೊಂದಿಸುವ ತಿರುಪಿನಲ್ಲಿ ಎಷ್ಟು ಕ್ಲಿಕ್ (ಹಂತ) ಇವೆ. ಬೆಂಗಳೂರಿನಲ್ಲಿ ಓಡುವ ಕಾರಿಗೆ ಇವೆರಡೂ ಆಮೇಲಿನ ಮಾತು. ಕಾರು ತಗ್ಗಿದ ಮೇಲೂ ಚಕ್ರ ಮೇಲಕ್ಕೇಳಲು ಎಷ್ಟು ಜಾಗ ಉಳಿದಿದೆ ಎಂಬುದನ್ನು ಮೊದಲು ಕೇಳಬೇಕು.

ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಂತೆ ರಸ್ತೆ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಬಡಾವಣೆಯ ಒಳರಸ್ತೆಗಳಲ್ಲಿ ಕಾಣುವುದು ಬಹುಪಾಲು ಅದಕ್ಕಿಂತ ಕಿರಿದಾದ, ಚೂಪಾದ ದಿಬ್ಬಗಳು. ಜೊತೆಗೆ ಪೈಪಿಗಾಗಿ ಅಗೆದು ಮುಚ್ಚಿದ ಪಟ್ಟಿಗಳು, ವೈಟ್ ಟಾಪಿಂಗ್ (ಕಾಂಕ್ರೀಟ್) ರಸ್ತೆಯ ಸ್ಲ್ಯಾಬ್ ಜೋಡಣೆಗಳು, ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪು. ಚಕ್ರಕ್ಕೆ ಜಾಗ ಸಾಲದಿದ್ದರೆ ಶಾಕು ಬಂಪ್ ಸ್ಟಾಪಿಗೆ, ಅಂದರೆ ಕುಗ್ಗುವಿಕೆಯ ಕೊನೆಯಲ್ಲಿರುವ ಮೆತ್ತನೆಯ ತಡೆಗೆ, ಬಡಿಯುತ್ತದೆ. ಆ ಕ್ಷಣದಲ್ಲಿ ಸ್ಪ್ರಿಂಗಿನ ಬಿಗಿ ಹಲವು ಪಟ್ಟು ಹೆಚ್ಚಿದಂತೆಯೇ. ನೇರ ರಸ್ತೆಯಲ್ಲಾದರೆ ಬೆನ್ನಿಗೆ ಏಟು. ತಿರುವಿನ ನಡುವೆ ಆದರೆ ಟೈರಿನ ಹಿಡಿತವೇ ತಪ್ಪುತ್ತದೆ.

ಮೊದಲು ಕಾರಿನ ಅಳತೆ

ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ. ಟೈರಿನ ಗಾಳಿ ಸರಿಯಿರಲಿ, ಟ್ಯಾಂಕಿನಲ್ಲಿ ಅರ್ಧದಷ್ಟು ಪೆಟ್ರೋಲ್ ಇರಲಿ. ನಾಲ್ಕೂ ಮೂಲೆಗಳಲ್ಲಿ ಚಕ್ರದ ನಡುಮಧ್ಯದಿಂದ ಫೆಂಡರಿನ ಅಂಚಿನವರೆಗೆ ಅಳೆದು ಬರೆದಿಡಿ. ನೆಲದಿಂದ ಅಳೆದರೆ ಟೈರಿನ ಸವೆತ, ಗಾಳಿ ಎರಡೂ ಲೆಕ್ಕ ಕೆಡಿಸುತ್ತವೆ. ಆಮೇಲೆ ತೂಕ. ಒಂದೊಂದು ಮೂಲೆಯ ಭಾರವನ್ನು ಕಾರ್ನರ್ ತೂಕದ ಮಾಪಕದಲ್ಲಿ ಪಡೆಯಬಹುದು. ಅದು ಸಿಗದಿದ್ದರೆ ಮುಂದಿನ ಎರಡು ಚಕ್ರಗಳನ್ನಷ್ಟೇ ತೂಕಸೇತುವೆಯ ಮೇಲೆ ನಿಲ್ಲಿಸಿ, ಬಂದ ತೂಕವನ್ನು ಎರಡರಿಂದ ಭಾಗಿಸಿ, ಹಿಂದಿನದಕ್ಕೂ ಹಾಗೆಯೇ. ಅಂದಾಜಿಗೆ ಅಷ್ಟು ಸಾಕು.

ಸ್ಪ್ರಿಂಗ್ ಲೆಕ್ಕ

ಸ್ಪ್ರಿಂಗ್ ರೇಟ್ ಎಂದರೆ ಸ್ಪ್ರಿಂಗನ್ನು 1 ಮಿ.ಮೀ. ಕುಗ್ಗಿಸಲು ಬೇಕಾದ ಭಾರ. ಜಪಾನ್, ತೈವಾನ್ ಸೆಟ್ಟುಗಳಲ್ಲಿ ಇದನ್ನು ಕೆ.ಜಿ.ಯಲ್ಲಿ ಬರೆದಿರುತ್ತಾರೆ, ಯುರೋಪಿನವುಗಳಲ್ಲಿ ನ್ಯೂಟನ್‌ನಲ್ಲಿ, 1 ಕೆ.ಜಿ. ಸುಮಾರು 9.8 ನ್ಯೂಟನ್.

ಈ ಸಂಖ್ಯೆಯೊಂದನ್ನೇ ನೋಡಿ ತೀರ್ಮಾನಕ್ಕೆ ಬರಬಾರದು, ಯಾಕೆಂದರೆ ಚಕ್ರಕ್ಕೆ ತಟ್ಟುವ ಬಿಗಿ ಬೇರೆ. ಚಕ್ರ 10 ಮಿ.ಮೀ. ಎದ್ದಾಗ ಸ್ಪ್ರಿಂಗ್ ಎಷ್ಟು ಕುಗ್ಗುತ್ತದೆಂಬ ಅನುಪಾತವೇ ಮೋಷನ್ ರೇಶಿಯೊ. ಸ್ಪ್ರಿಂಗ್ ರೇಟನ್ನು ಆ ಅನುಪಾತದ ವರ್ಗದಿಂದ ಗುಣಿಸಿದರೆ ಚಕ್ರದ ಬಳಿಯ ಬಿಗಿ ಸಿಗುತ್ತದೆ. ಸ್ಪ್ರಿಂಗ್, ಶಾಕ್ ಒಂದೇ ಕಂಬದಂತೆ ಚಕ್ರದ ಪಕ್ಕದಲ್ಲೇ ನಿಲ್ಲುವ ಮ್ಯಾಕ್‌ಫರ್ಸನ್ ಸ್ಟ್ರಟ್‌ನಲ್ಲಿ ಈ ಅನುಪಾತ 0.95ರ ಆಸುಪಾಸು. ಸ್ಪ್ರಿಂಗ್ ಶಾಕಿನಿಂದ ಬೇರೆಯಾಗಿ, ಚಕ್ರವನ್ನು ಕಾರಿನ ಮೈಗೆ ಜೋಡಿಸುವ ಆರ್ಮಿನ ಮಧ್ಯದಲ್ಲಿ ಕೂರುವ ಹಿಂಬದಿಗಳಲ್ಲಿ 0.7 ಅಥವಾ ಇನ್ನೂ ಕಡಿಮೆ. 2015ರ ನಂತರದ ಮಸ್ಟಾಂಗ್‌ನ ಹಿಂಬದಿ ಹೀಗೇ ಇದೆ. 0.7 ಇದ್ದಲ್ಲಿ 6 ಕೆ.ಜಿ. ಸ್ಪ್ರಿಂಗ್ ಹಾಕಿದರೂ ಚಕ್ರಕ್ಕೆ ಸಿಗುವುದು 3 ಕೆ.ಜಿ.ಗೂ ಸ್ವಲ್ಪ ಕಡಿಮೆ. ಹಿಂದಿನ ಸ್ಪ್ರಿಂಗಿನ ಅಂಕಿ ದೊಡ್ಡದು ಎಂದು ಹೆದರಬೇಕಿಲ್ಲ. ಪೋರ್ಶೆ 718 ಕೇಮನ್‌ನಲ್ಲಿ ಹಿಂದೆಯೂ ಸ್ಟ್ರಟ್ಟೇ ಇರುವುದರಿಂದ ಅಲ್ಲಿ ಲೆಕ್ಕ ಬೇರೆ. ಬೇರೆ ಕಾರಿನವರು ಹಾಕಿಸಿಕೊಂಡ ಸ್ಪ್ರಿಂಗ್ ನಂಬರನ್ನು ನಿಮ್ಮ ಕಾರಿಗೆ ನಕಲು ಮಾಡುವುದು ಇದೇ ಕಾರಣಕ್ಕೆ ತಪ್ಪು.

ಒಂದು ಉದಾಹರಣೆ ನೋಡೋಣ. ಮುಂದಿನ ಒಂದು ಮೂಲೆಯ ಭಾರ 350 ಕೆ.ಜಿ. ಚಕ್ರ, ಬ್ರೇಕ್, ಹಬ್ ಸೇರಿ 40 ಕೆ.ಜಿ. ಕಳೆದರೆ ಸ್ಪ್ರಿಂಗಿನ ಮೇಲೆ ಕೂರುವುದು 310. ಅದನ್ನು ಚಕ್ರದ ಬಳಿಯ ಬಿಗಿಯಿಂದ ಭಾಗಿಸಿದರೆ ಕಾರು ಎಷ್ಟು ಮಿ.ಮೀ. ಕುಸಿದು ನಿಂತಿದೆ ಎಂದು ತಿಳಿಯುತ್ತದೆ. 15.8ನ್ನು ಆ ಕುಸಿತದ ವರ್ಗಮೂಲದಿಂದ ಭಾಗಿಸಿದರೆ ಬರುವುದು ಕಾರು ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಎಂಬ ಸಂಖ್ಯೆ. ಮೋಷನ್ ರೇಶಿಯೊ 0.95 ಇದ್ದಾಗ 3 ಕೆ.ಜಿ. ಸ್ಪ್ರಿಂಗಿಗೆ ಅದು 1.5ರಷ್ಟು, 5 ಕೆ.ಜಿ.ಗೆ 1.9, 8 ಕೆ.ಜಿ.ಗೆ 2.4. ದಿನನಿತ್ಯ ಆಫೀಸಿಗೂ ಹೋಗುವ ಸ್ಪೋರ್ಟ್ಸ್ ಕಾರಿಗೆ 1.5ರಿಂದ 1.9ರ ಒಳಗಿರಲಿ. 2 ದಾಟಿದ ಸೆಟ್ಟು ಸೊಗಸಾಗಿ ಕೆಲಸ ಮಾಡುವುದು ಶ್ರೀಪೆರಂಬದೂರಿನ ಬಳಿಯ ರೇಸ್ ಟ್ರ್ಯಾಕಿನಲ್ಲಿ, ಕೊಯಮತ್ತೂರಿನ ಕರಿ ಟ್ರ್ಯಾಕಿನಲ್ಲಿ. ಹೊರ ವರ್ತುಲ ರಸ್ತೆಯಲ್ಲಲ್ಲ.

ಉಳಿಯುವ ಜಾಗ

ಅದೇ ಮೂಲೆ, ಅದೇ 5 ಕೆ.ಜಿ. ಸ್ಪ್ರಿಂಗ್. 310ನ್ನು 0.95ರಿಂದ ಭಾಗಿಸಿದರೆ ಸ್ಪ್ರಿಂಗಿನ ಮೇಲಿನ ಒತ್ತಡ 326 ಕೆ.ಜಿ.; ಅಂದರೆ ಕಾರು ನೆಲಕ್ಕಿಳಿದಾಗಲೇ ಸ್ಪ್ರಿಂಗ್ 65 ಮಿ.ಮೀ. ಕುಗ್ಗಿರುತ್ತದೆ. ಶಾಕಿನ ಒಟ್ಟು ಸ್ಟ್ರೋಕ್ (ಪೂರ್ತಿ ಚಾಚಿದಲ್ಲಿಂದ ಪೂರ್ತಿ ಕುಗ್ಗುವವರೆಗಿನ ದೂರ) 120 ಮಿ.ಮೀ. ಎಂದಿಟ್ಟುಕೊಳ್ಳಿ. ಉಳಿದದ್ದು 55. ಬಂಪ್ ಸ್ಟಾಪಿನ ಉದ್ದ 35 ಇದ್ದರೆ ನಿಜವಾಗಿ ಬಿಡುವಾಗಿ ಉಳಿಯುವುದು 20 ಮಿ.ಮೀ. ಮಾತ್ರ. ಒಂದು ಸಾಧಾರಣ ಹಂಪಿಗೇ ಅದು ಮುಗಿದುಹೋಗುತ್ತದೆ.

ಇಲ್ಲಿ ಎರಡು ಬಗೆಯ ಕಾಯಿಲೋವರುಗಳ ವ್ಯತ್ಯಾಸ ತಿಳಿದಿರಬೇಕು. ಒಂದರಲ್ಲಿ ಸ್ಪ್ರಿಂಗ್ ಕೂರುವ ರಿಂಗನ್ನು ಕೆಳಗಿಳಿಸಿಯೇ ಕಾರನ್ನು ತಗ್ಗಿಸಬೇಕು. 15 ಮಿ.ಮೀ. ಇಳಿಸಿದರೆ ಆ 20ರಲ್ಲಿ 15 ಹೋಯಿತು. ಅದರ ಮೇಲೆ, ಜ್ಯಾಕ್ ಹಾಕಿ ಚಕ್ರ ತೂಗಿದಾಗ ಸ್ಪ್ರಿಂಗ್ ಸಡಿಲಗೊಂಡು ಸೀಟಿನಿಂದ ಜರುಗದಂತೆ ಹೆಲ್ಪರ್ ಸ್ಪ್ರಿಂಗ್ ಇರಬೇಕು. ಇನ್ನೊಂದರಲ್ಲಿ ಶಾಕಿನ ಕೆಳಗಿನ ಬ್ರ್ಯಾಕೆಟ್ಟೇ ಥ್ರೆಡ್ಡಿನ ಮೇಲೆ ಸರಿಯುತ್ತದೆ, ಹಾಗಾಗಿ ಎತ್ತರ ಬದಲಿಸಿದರೂ ಸ್ಟ್ರೋಕ್ ಕಡಿಮೆಯಾಗುವುದಿಲ್ಲ. ಇದರಲ್ಲಿ ರಿಂಗ್ ಬಿಗಿಸಿ 15 ಮಿ.ಮೀ. ಪ್ರೀಲೋಡ್ ಕೊಟ್ಟು (ಅಂದರೆ ಕಾರಿನ ಭಾರ ಬೀಳುವ ಮೊದಲೇ ಸ್ಪ್ರಿಂಗನ್ನು ಅಷ್ಟು ಕುಗ್ಗಿಸಿಟ್ಟು), ಬ್ರ್ಯಾಕೆಟ್ಟಿನಲ್ಲಿ ಅಷ್ಟೇ ಇಳಿಸಿದರೆ ಕಾರಿನ ಎತ್ತರ ಹಾಗೇ ಇದ್ದು, ಬಿಡುವಿನ ಜಾಗ 20ರಿಂದ 35ಕ್ಕೆ ಏರುತ್ತದೆ. ಪ್ರೀಲೋಡ್ ಕೊಟ್ಟರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆಂದು ಅನೇಕ ಗ್ಯಾರೇಜುಗಳಲ್ಲಿ ನಂಬುತ್ತಾರೆ. ಹಾಗಾಗುವುದಿಲ್ಲ, ಸ್ಟ್ರೋಕಿನಲ್ಲಿ ಕಾರು ನಿಲ್ಲುವ ಜಾಗ ಬದಲಾಗುತ್ತದೆ ಅಷ್ಟೇ. ಹಾಗೆಂದು ಅತಿಯಾಗಿ ಕೊಡಲೂಬಾರದು: ಚಕ್ರ ಗುಂಡಿಗೆ ಇಳಿಯಲು ಸ್ಟ್ರೋಕಿನ ಮೂರನೇ ಒಂದು ಭಾಗವಾದರೂ ಬೇಕು, ಇಲ್ಲದಿದ್ದರೆ ಗುಂಡಿಯ ಅಂಚಿನಲ್ಲಿ ಶಾಕು ಪೂರ್ತಿ ಚಾಚಿ 'ಟಕ್' ಎನ್ನುತ್ತದೆ.

ತಗ್ಗಿಸುವುದು ಮೂಲ ಎತ್ತರಕ್ಕಿಂತ 15ರಿಂದ 25 ಮಿ.ಮೀ. ಸಾಕು. ಸ್ಟ್ರಟ್ ಕಾರುಗಳಲ್ಲಿ ಅದಕ್ಕಿಂತ ಇಳಿಸಿದರೆ ಕೆಳಗಿನ ಆರ್ಮ್ ಚಕ್ರದ ಕಡೆ ಮೇಲೆದ್ದು ನಿಲ್ಲುತ್ತದೆ, ರೋಲ್ ಸೆಂಟರ್ (ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಕಾರಿನ ಗುರುತ್ವ ಕೇಂದ್ರಕ್ಕಿಂತ ವೇಗವಾಗಿ ಕುಸಿಯುತ್ತದೆ. ಹೀಗೆ ತಗ್ಗಿದ ಕಾರು ತಿರುವಿನಲ್ಲಿ ಮೊದಲಿಗಿಂತ ಹೆಚ್ಚು ವಾಲಲೂಬಹುದು.

ಯಾವ ಸೆಟ್ಟು?

ಕೆಡಬ್ಲ್ಯು ವೇರಿಯಂಟ್ 1 ಮತ್ತು ಬಿಲ್‌ಸ್ಟೈನ್ ಬಿ14ರಲ್ಲಿ ಎತ್ತರ ಮಾತ್ರ ಬದಲಾಗುತ್ತದೆ; ಶಾಕಿನ ಬಿಗಿಯನ್ನು ಕಾರ್ಖಾನೆಯೇ ನಿಗದಿ ಮಾಡಿರುತ್ತದೆ. ವೇರಿಯಂಟ್ 2ರಲ್ಲಿ ರೀಬೌಂಡ್ (ಶಾಕು ಚಾಚುವಾಗಿನ ತಡೆ), ವೇರಿಯಂಟ್ 3ರಲ್ಲಿ ಕಂಪ್ರೆಷನ್ (ಕುಗ್ಗುವಾಗಿನ ತಡೆ) ಕೂಡ ಪ್ರತ್ಯೇಕವಾಗಿ ಹೊಂದಿಸಬಹುದು. ಓಲಿನ್ಸ್ ರೋಡ್ ಆ್ಯಂಡ್ ಟ್ರ್ಯಾಕ್‌ನಲ್ಲಿ ಒಂದೇ ತಿರುಪು. ಕಂಪ್ರೆಷನ್, ರೀಬೌಂಡ್‌ಗಳನ್ನು ಬೇರೆಬೇರೆಯಾಗಿ ಹೊಂದಿಸುವ ತಾಳ್ಮೆ ಇಲ್ಲದವರಿಗೆ ಚೆನ್ನಾಗಿ ನಿಗದಿಯಾದ ಬಿ14ರಂಥದೇ ಒಳ್ಳೆಯದು. ತಪ್ಪಾಗಿ ತಿರುಗಿಸಿಟ್ಟ 30 ಕ್ಲಿಕ್ಕಿನ ಸೆಟ್ಟಿಗಿಂತ ಅದು ಎಷ್ಟೋ ಮೇಲು.

ಕಾರಿನಲ್ಲಿ ಎಲೆಕ್ಟ್ರಾನಿಕ್ ಶಾಕ್ ಇದ್ದರೆ, ಉದಾಹರಣೆಗೆ ಪೋರ್ಶೆಯ ಪಿಎಎಸ್ಎಂ, ಸಾಮಾನ್ಯ ಕಾಯಿಲೋವರ್ ಹಾಕಿದೊಡನೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ಹೊತ್ತಿಕೊಳ್ಳುತ್ತದೆ. ಅದನ್ನು ತಣಿಸುವ ಮಾಡ್ಯೂಲ್ ಬೇಕು, ಇಲ್ಲವೇ ಮೂಲ ವೈರಿಗೇ ಜೋಡಿಸುವ ಬಿಲ್‌ಸ್ಟೈನ್ ಡ್ಯಾಂಪ್‌ಟ್ರಾನಿಕ್‌ನಂಥ ಸೆಟ್ಟು. ಶಾಕಿನ ಮೇಲ್ತುದಿಯನ್ನು ಕಾರಿನ ಮೈಗೆ ಜೋಡಿಸುವ ಟಾಪ್ ಮೌಂಟ್ ರಬ್ಬರಿನದೇ ಇರಲಿ. ಲೋಹದ ಗೋಲದ ಬೇರಿಂಗ್ ಇರುವ ಪಿಲ್ಲೋಬಾಲ್ ಮೌಂಟಿಗೆ ನಮ್ಮ ಧೂಳು, ಮಳೆನೀರು ಹೊಕ್ಕು ಬೇಗ ಕಟಕಟ ಶುರುವಾಗುತ್ತದೆ. ಸೀಲ್, ಆಯಿಲ್ ಬದಲಿಸಿಕೊಡುವವರು ಭಾರತದಲ್ಲೇ ಇದ್ದಾರೆಯೇ ಎಂದು ದುಡ್ಡು ಕೊಡುವ ಮೊದಲೇ ಕೇಳಿ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಆರ್‌ಟಿಒದಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ, ಮೂಲ ಶಾಕುಗಳನ್ನು ಮಾರದೆ ಇಟ್ಟುಕೊಳ್ಳಿ.

ಜೋಡಿಸುವಾಗ

ಎಬಿಎಸ್ ವೈರು, ಬ್ರೇಕ್ ಹೋಸಿನ ಕ್ಲಿಪ್ಪು ಮೊದಲು ಬಿಡಿಸಿ. ಕ್ಯಾಲಿಪರನ್ನು ಹೋಸಿನಿಂದ ನೇತಾಡಲು ಬಿಡಬೇಡಿ, ತಂತಿಯಿಂದ ಕಟ್ಟಿ. ಮೂಲ ಸ್ಟ್ರಟ್ಟಿನ ಮಧ್ಯದ ನಟ್ಟನ್ನು ಸ್ಪ್ರಿಂಗ್ ಕಂಪ್ರೆಸರ್ ಹಾಕದೆ ಮುಟ್ಟಲೇಬೇಡಿ. ಒತ್ತಿ ಕೂತ ಸ್ಪ್ರಿಂಗ್ ಸಿಡಿದರೆ ಪ್ರಾಣಕ್ಕೇ ಅಪಾಯ. ಹೊಸ ಶಾಕಿನ ರಾಡ್ ನಟ್ಟನ್ನು ಇಂಪ್ಯಾಕ್ಟ್ ಗನ್‌ನಿಂದ ಬಿಗಿಸಿದರೆ ರಾಡ್ ಗರಗರ ತಿರುಗಿ ಸೀಲ್ ಹಾಳಾಗುತ್ತದೆ, ಕೈಯಲ್ಲೇ ಬಿಗಿಸಿ ಟಾರ್ಕ್ ವ್ರೆಂಚಿನಿಂದ ಮುಗಿಸಲಿ. ನೈಲಾಕ್ ನಟ್ಟುಗಳು (ಸಡಿಲಾಗದಂತೆ ಒಳಗೆ ನೈಲಾನ್ ಬಳೆಯಿರುವವು) ಹೊಸವೇ ಇರಲಿ.

ಬಹಳಷ್ಟು ಕಡೆ ತಪ್ಪುವುದು ಇಲ್ಲಿ: ಆರ್ಮಿನ ರಬ್ಬರ್ ಬುಷ್ ಬೋಲ್ಟುಗಳನ್ನು ಕಾರು ಲಿಫ್ಟಿನಲ್ಲಿ ತೂಗುತ್ತಿರುವಾಗಲೇ ಬಿಗಿಸಿಬಿಡುತ್ತಾರೆ. ಕೆಳಗಿಳಿಸಿದಾಗ ರಬ್ಬರ್ ತಿರುಚಿಕೊಂಡೇ ನಿಲ್ಲುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಚಕ್ರಗಳ ಮೇಲೆ ಭಾರ ಬಿದ್ದ ಮೇಲೆಯೇ ಆ ಬೋಲ್ಟುಗಳ ಕೊನೆಯ ಬಿಗಿತ.

ಸುಮಾರು 100 ಕಿ.ಮೀ. ಓಡಿಸಿ ಎತ್ತರ ಮತ್ತೆ ಅಳೆಯಿರಿ, ಲಾಕ್ ರಿಂಗುಗಳನ್ನು ಪರೀಕ್ಷಿಸಿ. ವ್ಹೀಲ್ ಅಲೈನ್‌ಮೆಂಟ್ ಅದಾದ ಮೇಲೆ. ರಸ್ತೆಗೆ ಮುಂದಿನ ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರ ವಾಲಿದ ಕೋನ; ಮೈನಸ್ ಎಂದರೆ ಮೇಲ್ತುದಿ ಒಳಕ್ಕೆ) ಮೈನಸ್ 1.5 ಡಿಗ್ರಿ ಸಾಕು. ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು) ಸೊನ್ನೆ ಅಥವಾ ತುಸು ಒಳಕ್ಕೆ. ಟೈರಿನ ಒಳ ಅಂಚನ್ನು ತಿನ್ನುವುದರಲ್ಲಿ ಕ್ಯಾಂಬರಿಗಿಂತ ತಪ್ಪು ಟೋದ ಪಾಲೇ ಹೆಚ್ಚು. ಹೆಡ್‌ಲೈಟಿನ ಎತ್ತರವನ್ನೂ ಸರಿಪಡಿಸಿ.

ಕ್ಲಿಕ್ಕುಗಳ ಸರದಿ

ತಿರುಪನ್ನು ಪೂರ್ತಿ ಬಿಗಿಯ ಕಡೆಗೆ ಮೆಲ್ಲಗೆ ತಿರುಗಿಸಿ, ನಿಂತಲ್ಲಿಂದ ಹಿಂದಕ್ಕೆ ಎಣಿಸಿ ಮಧ್ಯಕ್ಕೆ ತನ್ನಿ. ಒತ್ತಿ ತಿರುಗಿಸಿದರೆ ಒಳಗಿನ ಸೂಜಿ ಕೆಡುತ್ತದೆ. ಒಂದೇ ರಸ್ತೆ, ಒಂದೇ ವೇಗ, ಒಂದು ಸಲಕ್ಕೆ ಎರಡು ಕ್ಲಿಕ್, ಒಂದೇ ಬದಲಾವಣೆ. ಹಂಪ್ ದಾಟಿದ ಮೇಲೆ ಕಾರು ಒಂದಕ್ಕಿಂತ ಹೆಚ್ಚು ಸಲ ತೂಗಿದರೆ ರೀಬೌಂಡ್ ಸಾಲದು. ಸಾಲು ಸಾಲು ರಂಬಲರುಗಳ ಮೇಲೆ ಹೋಗುತ್ತ ಕಾರು ಕುಗ್ಗುತ್ತಲೇ ಹೋದರೆ ರೀಬೌಂಡ್ ಅತಿಯಾಗಿದೆ: ಒಂದು ಏಟಿನಿಂದ ಚಾಚಿಕೊಳ್ಳುವಷ್ಟರಲ್ಲಿ ಮುಂದಿನ ಏಟು ಬಿದ್ದಿರುತ್ತದೆ. ಸ್ಲ್ಯಾಬ್ ಜೋಡಣೆಯಲ್ಲಿ ಚೂಪಾದ ಏಟು ಬಂದರೆ ಕಂಪ್ರೆಷನ್ ಇಳಿಸಿ. ಇಳಿಸಿದರೂ ಅದು ತಗ್ಗದಿದ್ದರೆ ಬಂಪ್ ಸ್ಟಾಪನ್ನು ಅನುಮಾನಿಸಿ. ರಾಡಿಗೆ ಒಂದು ಸಣ್ಣ ಜಿಪ್ ಟೈ ಕಟ್ಟಿ ಶಾಕಿನ ಮೈವರೆಗೆ ತಳ್ಳಿ ಓಡಿಸಿಬಂದರೆ ಅದು ಸರಿದ ದೂರವೇ ಬಳಕೆಯಾದ ಸ್ಟ್ರೋಕನ್ನು ತೋರಿಸುತ್ತದೆ. ಅದು ಪ್ರತಿ ಸಲವೂ ಬಂಪ್ ಸ್ಟಾಪಿನವರೆಗೆ ಹೋಗಿ ನಿಂತಿದ್ದರೆ ಕ್ಲಿಕ್ಕು ಬಿಟ್ಟು ಮತ್ತೆ ಪ್ರೀಲೋಡ್, ಎತ್ತರಗಳ ಲೆಕ್ಕಕ್ಕೆ ಹೋಗಿ.

ಕಾರು ತೊಳೆದಾಗಲೆಲ್ಲ ಥ್ರೆಡ್ಡಿನ ಕೆಸರನ್ನು ಬ್ರಷ್‌ನಿಂದ ತೆಗೆಯಿರಿ. ಮಳೆಗಾಲ ಮುಗಿದೊಡನೆ ರಾಡಿನ ಸುತ್ತ ಎಣ್ಣೆ ಒಸರಿದೆಯೇ, ಧೂಳಿನ ಬೂಟು ಹರಿದಿದೆಯೇ ನೋಡಿ. ಹರಿದ ಬೂಟನ್ನು ತಕ್ಷಣ ಬದಲಿಸಿದರೆ ಖರ್ಚು ಅಷ್ಟಕ್ಕೇ ನಿಲ್ಲುತ್ತದೆ, ಬಿಟ್ಟರೆ ರಾಡು, ಸೀಲು ಎರಡೂ ಹೋಗುತ್ತವೆ.